ಟ್ರೇಯಲ್ಲಿ ಉಳಿದ ಮೂರನೆಯ ಪಿನ್ನು

ಮಣಿಪಾಲದ ಒಂದು ಆಸ್ಪತ್ರೆಯಲ್ಲಿ ನಾನು ಮೂವತ್ತನಾಲ್ಕು ವರ್ಷ ಆಪರೇಷನ್ ಥಿಯೇಟರಿನ ಸಿಸ್ಟರ್ ಆಗಿದ್ದೆ. ಶಸ್ತ್ರಚಿಕಿತ್ಸೆ ಶುರುವಾಗುವ ಮೊದಲು ಕತ್ತರಿ, ಚಿಮಟ, ಸೂಜಿ, ಬಟ್ಟೆಯ ತುಂಡು ಎಲ್ಲವನ್ನೂ ಎಣಿಸಿ ಬರೆದಿಡುವುದು, ಹೊಲಿಗೆ ಹಾಕುವ ಮೊದಲು ಮತ್ತೊಮ್ಮೆ ಎಣಿಸುವುದು ನನ್ನ ಕೆಲಸ. ಎಣಿಕೆ ಕೂಡಿ ಬಾರದಿದ್ದರೆ ಎಷ್ಟೇ ದೊಡ್ಡ ಸರ್ಜನ್ ಆದರೂ ಕೈಕಟ್ಟಿ ನಿಲ್ಲಬೇಕು. ನಿವೃತ್ತಳಾಗಿ ಕಾಪುವಿಗೆ ಬಂದ ಮೇಲೆ ಎಣಿಸಲು ಏನೂ ಉಳಿಯಲಿಲ್ಲ. ಆದರೂ ಐದಕ್ಕೆ ಏಳುವುದು, ಏಳೂವರೆಗೆ ತಿಂಡಿ, ಒಂದಕ್ಕೆ ಊಟ, ಇವು ಬದಲಾಗಲಿಲ್ಲ. ಊರಿನವರು ನನ್ನನ್ನು ಸಿಸ್ಟರಕ್ಕ ಎನ್ನುತ್ತಾರೆ. ನನ್ನ ಒಂದು ಗಂಟೆಯ ಊಟವನ್ನು ನೋಡಿ ಗಡಿಯಾರ ಸರಿಮಾಡಿಕೊಳ್ಳುವವರೂ ಇದ್ದಾರೆ. ಆ ಊಟದ ದೆಸೆಯಿಂದಲೇ ಒಂದು ತಪ್ಪು ನಡೆಯಿತು. ಅದು ಮುಂದೆ ಬರುತ್ತದೆ.

ನನ್ನ ಮನೆಯ ಪಕ್ಕದಲ್ಲೇ ತಂಗಿಯ ಮನೆ. ನನಗಿಂತ ಏಳು ವರ್ಷ ಚಿಕ್ಕವಳು. ನಾನು ಓದಿ ನರ್ಸಾದೆ, ಅವಳು ಅಮ್ಮನ ಹಾಗೆ ಮೀನು ಮಾರುವವಳಾದಳು. ಮೊದಲು ತಲೆಯ ಮೇಲೆ ಬುಟ್ಟಿ ಹೊತ್ತು ಬಸ್ಸಿನಲ್ಲಿ ಹೋಗುತ್ತಿದ್ದಳು. ಬಸ್ಸಿನಲ್ಲಿ ಮೀನಿನ ಬುಟ್ಟಿಗೂ ಅವಳಿಗೂ ಸೇರಿ ಕಟ್ಟಕಡೆಯ ಸೀಟು. ಆಮೇಲೆ ಅವಳ ಗಂಡ ಒಂದು ಸಣ್ಣ ಟೆಂಪೋ ತೆಗೆದುಕೊಂಡು ತಾವೇ ಓಡಿಸತೊಡಗಿದರು. ಅವರ ಮೊಣಕಾಲು ಕೆಟ್ಟು ಕ್ಲಚ್ ತುಳಿಯಲು ಆಗದೆ ಹೋದಾಗ ಎಲ್ಲರೂ ಟೆಂಪೋ ಮಾರುತ್ತಾರೆ ಎಂದುಕೊಂಡರು. ತಂಗಿ ಮಾರಲು ಬಿಡಲಿಲ್ಲ. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತಳು. ಅಂದಿನಿಂದ ಎಂಟು ವರ್ಷ, ಬೆಳಗಿನ ಜಾವ ಮಲ್ಪೆ ಬಂದರಿನ ದಕ್ಕೆಯಲ್ಲಿ ಮೀನು ತುಂಬಿಸಿ, ಮಣಿಪಾಲ ಹತ್ತಿ ಇಳಿದು, ಹಿರಿಯಡ್ಕದ ದಾರಿಯಾಗಿ ಕಾರ್ಕಳಕ್ಕೆ ಅವಳದೇ ಲೈನು. ಬುಧವಾರ ಒಂದು ಸುತ್ತು ಪೆರ್ಡೂರಿಗೂ ಹೋಗಿ ಬರುತ್ತಾಳೆ. ಅವಳ ಹಾರ್ನಿನ ಸದ್ದು ಕೇಳಿಯೇ ಜನ ಪಾತ್ರೆ ತೊಳೆದುಕೊಂಡು ಗೇಟಿಗೆ ಬರುತ್ತಾರೆ.

ಕಳೆದ ಸಲ ಮಳೆಗಾಲದ ಎರಡು ತಿಂಗಳ ಮೀನುಗಾರಿಕೆ ನಿಷೇಧಕ್ಕೆ ಬೋಟುಗಳು ದಡಕ್ಕೆ ಬರುವ ಮೊದಲಿನ ವಾರ, ಗಂಡನೂ ಅವಳ ಜೊತೆ ಹೋಗಿದ್ದರು. ಮಣಿಪಾಲದಿಂದ ಪರ್ಕಳಕ್ಕೆ ಇಳಿಯುವ ಕಡೆ ಎದುರಿನಿಂದ ಬಸ್ಸು ಬಂತು. ತಂಗಿ ಸ್ಟೇರಿಂಗ್ ತಿರುಗಿಸಿದಳು, ಟೆಂಪೋ ತಕ್ಷಣ ತಿರುಗಲಿಲ್ಲ. ಅರ್ಧ ಕ್ಷಣ ಬಿಟ್ಟು ತಿರುಗಿತು. ಏನೂ ಆಗಲಿಲ್ಲ. ಆದರೆ ಆ ಅರ್ಧ ಕ್ಷಣವನ್ನು ಇಬ್ಬರೂ ಮನೆಗೆ ತಂದರು. ಅವತ್ತು ಸಂಜೆ ಚಹಾ ಕುಡಿಯಲು ಹೋದ ನಾನು ಮಾತಿನ ನಡುವೆ ಸಿಕ್ಕಿಬಿದ್ದೆ.

"ಇನ್ನು ಸಾಕು. ಎಲ್ಲೂರಿನ ತೋಟದವರು ತೆಂಗಿನಕಾಯಿ ಸಾಗಿಸ್ಲಿಕ್ಕೆ ಟೆಂಪೋ ಕೇಳ್ತಾ ಇದ್ದಾರೆ. ಕೊಟ್ಟುಬಿಡುವ," ಎಂದರು ಭಾವ. ತಂಗಿಯ ಗಂಡನನ್ನು ನಾನು ಭಾವ ಎಂದೇ ಕರೆಯುವುದು.

"ಕೊಟ್ಟು ನಾನೆಂತ ಮಾಡುದು? ಪುನಃ ಬುಟ್ಟಿ ಹೊರುದಾ?"

"ಬುಟ್ಟಿ ಯಾರು ಹೊರ್ಲಿಕ್ಕೆ ಹೇಳಿದ್ದು? ಮನೆಯಲ್ಲಿ ಕೂತುಕೊ."

"ನೀವು ಕೂತಿದ್ದೀರಲ್ಲ. ಒಂದು ಮನೆಗೆ ಒಬ್ಬರು ಕೂತರೆ ಸಾಕು."

ಭಾವ ಕೆಟ್ಟವರಲ್ಲ. ಹೆದರಿದ್ದರು, ಅಷ್ಟೆ. ಕೊನೆಗೆ ಒಂದು ಮಾತಿಗೆ ಬಂದರು. ನಿಷೇಧ ಮುಗಿದು ಬೋಟುಗಳು ನೀರಿಗಿಳಿಯುವ ದಿನದೊಳಗೆ ಸ್ಟೇರಿಂಗ್ ಸರಿಯಾಗಿ, ಆರ್‌ಟಿಒದಲ್ಲಿ ಗಾಡಿ ಓಡಲು ಯೋಗ್ಯ ಎನ್ನುವ ಎಫ್‌ಸಿ ಪಾಸಾಗಬೇಕು. ಪಾಸಾದರೆ ಟೆಂಪೋ ತಂಗಿಗೆ, ಇಲ್ಲದಿದ್ದರೆ ಎಲ್ಲೂರಿಗೆ. ಹಳೆಯ ಎಫ್‌ಸಿಯ ಅವಧಿಯೂ ಅದೇ ಹೊತ್ತಿಗೆ ಮುಗಿಯುವುದಿತ್ತು. ತಂಗಿ ನನ್ನ ಮುಖ ನೋಡಿ, "ಅಕ್ಕ ಸಾಕ್ಷಿ," ಎಂದಳು.

ಮೊದಲು ಅವಳು ಗ್ಯಾರೇಜಿಗೇ ಹೋದದ್ದು. ಮೀನಿನ ಗಾಡಿಗೆ ಗ್ಯಾರೇಜಿನಲ್ಲಿ ಮರ್ಯಾದೆ ಕಡಿಮೆ. "ಒಳಗೆ ಬೇಡ ಅಕ್ಕ, ವಾಸನೆ ಬರ್ತದೆ, ಬೇರೆ ಗಿರಾಕಿಗಳು ಬೈತಾರೆ," ಎಂದು ರಸ್ತೆಯ ಬದಿಯಲ್ಲಿ ನಿಲ್ಲಿಸಿದರಂತೆ. ನಾಲ್ಕು ದಿನ ಅದು ಮಳೆಯಲ್ಲಿ ಅಲ್ಲೇ ನಿಂತಿತ್ತು. ಐದನೆಯ ದಿನ ಕೇಳಿದರೆ, "ಇದು ಗುಜರಿಗೆ ಹೋಗುವ ಪ್ರಾಯದ್ದು, ಪುರುಸೊತ್ತಾದಾಗ ನೋಡುವ," ಎಂದರು. ತಂಗಿ ಟೆಂಪೋವನ್ನು ಹತ್ತು ಕಿಲೋಮೀಟರ್ ವೇಗದಲ್ಲಿ ಮನೆಗೆ ತಂದು ಬಲೆ ಇಡುವ ಕೊಟ್ಟಿಗೆಯಲ್ಲಿ ನಿಲ್ಲಿಸಿ, ಸೀದಾ ನನ್ನ ಅಡುಗೆಮನೆಗೆ ಬಂದಳು.

"ಅಕ್ಕ, ನಿನ್ನ ಕಾರಿನ ಕೆಲಸ ನೀನೇ ಮಾಡುದಲ್ವಾ?"

"ಹೌದು."

"ಹಾಗಾದ್ರೆ ಇದನ್ನೂ ಬಿಚ್ಚುವ."

ಅವಳು ಹೇಳಿದ್ದು ಸುಳ್ಳಲ್ಲ. ಕ್ವಾರ್ಟರ್ಸಿನಲ್ಲಿದ್ದಾಗ ಆಸ್ಪತ್ರೆಯ ಆಂಬುಲೆನ್ಸುಗಳನ್ನು ನೋಡಿಕೊಳ್ಳುತ್ತಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರು ಭಾನುವಾರಗಳಲ್ಲಿ ನನಗೆ ಕೆಲಸ ಕಲಿಸಿದ್ದರು. ನನ್ನ ಹಳೆಯ ಕಾರಿನ ಬ್ರೇಕ್, ಪ್ಲಗ್ಗು, ಎರಡು ಸಲ ಸ್ಟೇರಿಂಗಿನ ಕೀಲುಗಳು, ಎಲ್ಲವನ್ನೂ ಅವರ ಕಣ್ಣೆದುರಿನಲ್ಲಿ ನನ್ನ ಕೈಯಿಂದಲೇ ಮಾಡಿಸಿದ್ದರು. "ಬಾಗಿಲು ಬಿದ್ದರೂ ಮನೆಗೆ ಬರಬಹುದು ಸಿಸ್ಟರ್, ಸ್ಟೇರಿಂಗ್ ಬಿದ್ದರೆ ಬರ್ಲಿಕ್ಕಾಗುದಿಲ್ಲ," ಎನ್ನುತ್ತಿದ್ದರು. ಹಾಗಾಗಿ ನಾನು ತಂಗಿಗೆ ತಕ್ಷಣ ಹೂಂ ಎನ್ನಲಿಲ್ಲ. ಮೊದಲು ಪರೀಕ್ಷೆ, ಆಮೇಲೆ ಮಾತು.

ಮರುದಿನ ಎಂಟಕ್ಕೆ ಕೊಟ್ಟಿಗೆಗೆ ಹೋದೆ. ಮುಂದಿನ ಭಾಗ ಎತ್ತಬೇಕಿತ್ತು. ತಂಗಿ ಹಿತ್ತಿಲಿನಿಂದ ನಾಲ್ಕು ಕೆಂಪು ಕಲ್ಲು ಹೊತ್ತು ತಂದಳು. ನಮ್ಮಲ್ಲಿ ಮನೆ ಕಟ್ಟುವುದಕ್ಕೂ ಬಾವಿ ಕಟ್ಟುವುದಕ್ಕೂ ಅದೇ ಕಲ್ಲು, ಹಾಗಾಗಿ ಗಾಡಿಗೂ ಆಗುತ್ತದೆ ಎಂದು ಅವಳ ನಂಬಿಕೆ. ಗೋಡೆಯಲ್ಲಿ ಸಾಲಾಗಿ ನಿಂತಾಗ ಗಟ್ಟಿ, ಒಂದೇ ಕಡೆ ಭಾರ ಬಿದ್ದರೆ ಪುಡಿಯಾಗುತ್ತದೆ. ಅದನ್ನೆಲ್ಲ ವಾಪಸು ಇಡಿಸಿ, ನನ್ನ ಕಬ್ಬಿಣದ ಸ್ಟ್ಯಾಂಡುಗಳನ್ನು ತರಿಸಿದೆ. ಹಿಂದಿನ ಚಕ್ರಗಳಿಗೆ ತೆಂಗಿನ ಕೊರಡು ಕೊಟ್ಟೆವು. ಜಾಕಿಯಿಂದ ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿ, ಟೆಂಪೋವನ್ನು ಎರಡು ಕೈಯಿಂದ ಅಲ್ಲಾಡಿಸಿ ನೋಡಿದ ಮೇಲೆಯೇ ನಾನು ಅಡಿಗೆ ಹೋದದ್ದು.

ತಂಗಿ ಒಳಗೆ ಕೂತು ಸ್ಟೇರಿಂಗನ್ನು ಒಂದಿಂಚು ಆಚೆ, ಒಂದಿಂಚು ಈಚೆ ಮಾಡಿದಳು. ನಾನು ಅಡಿಯಲ್ಲಿ ಒಂದೊಂದೇ ಕೀಲಿನ ಮೇಲೆ ನಾಡಿ ಹಿಡಿದ ಹಾಗೆ ಬೆರಳಿಟ್ಟೆ. ಸ್ಟೇರಿಂಗ್ ತಿರುಗಿದಾಗ ಅಡ್ಡ ಸರಳೊಂದು ಆಚೀಚೆ ಸರಿದು ಚಕ್ರವನ್ನು ತಿರುಗಿಸುತ್ತದೆ. ಆ ಸರಳಿನ ಎರಡು ತುದಿಗೂ ಒಂದೊಂದು ಗುಂಡುಕೀಲು, ಅದಕ್ಕೆ ಟೈ ರಾಡ್ ಎಂಡ್ ಎನ್ನುತ್ತಾರೆ. ಮೇಲಿನ ಜೋಡಣೆಗಳೆಲ್ಲ ಬಿಗಿಯಾಗಿದ್ದವು. ಗುಂಡುಕೀಲುಗಳು ಮಾತ್ರ ಎರಡೂ ಕಡೆ ಕಟ್ ಕಟ್ ಎಂದು ಬೆರಳಿಗೆ ಬಡಿದವು. ರಬ್ಬರಿನ ಟೋಪಿ ಹರಿದು ಒಳಗೆಲ್ಲ ತುಕ್ಕು. ಎಂಟು ವರ್ಷ ಐಸು ಕರಗಿ ಮೀನಿನ ಉಪ್ಪುನೀರು ಅಲ್ಲಿಯೇ ತೊಟ್ಟಿಕ್ಕಿದೆ, ಇನ್ನೇನಾಗುತ್ತದೆ?

"ರೋಗ ಗೊತ್ತಾಯ್ತು," ಎಂದು ಹೊರಗೆ ಬಂದೆ. "ಎರಡು ಕೀಲು ಬದಲಾಯಿಸಿದ್ರೆ ಸಾಕು. ಗುಜರಿಗೆ ಹೋಗುವ ಪ್ರಾಯ ಅಲ್ಲ."

"ನಂದಾ, ಟೆಂಪೋದ್ದಾ?" ಎಂದಳು ತಂಗಿ.

ಸಾಮಾನು ತರಲು ಉಡುಪಿಗೆ ನಾನೇ ಹೋದೆ. ಅಂಗಡಿಯವರು ಕೀಲುಗಳನ್ನು ಕೈಗೆ ಕೊಡುತ್ತ, "ಮೆಕ್ಯಾನಿಕ್ ಬರ್ಲಿಲ್ವಾ ಮೇಡಂ?" ಎಂದರು. "ಬಂದಿದ್ದಾರೆ, ನಿಮ್ಮ ಎದುರು ನಿಂತಿದ್ದಾರೆ," ಎಂದೆ. ಅವರು ಕನ್ನಡಕ ಸರಿಮಾಡಿಕೊಂಡು, ಕೇಳದೆಯೇ ಒಳ್ಳೆಯ ಗ್ರೀಸಿನ ಡಬ್ಬಿ ತೆಗೆದು ತೋರಿಸಿದರು. ಎರಡು ಕೀಲು, ಎರಡು ಲಾಕ್ ನಟ್, ನಾಲ್ಕು ಸ್ಪ್ಲಿಟ್ ಪಿನ್ನು. ಪಿನ್ನು ಬೇಕಾದದ್ದು ಎರಡೇ, ಉಳಿದ ಎರಡು ಹೆಚ್ಚಿಗೆ ಇರಲಿ ಎಂದು ತಂದದ್ದು. ಮನೆಗೆ ಬಂದು ಪುಸ್ತಕದಲ್ಲಿ ಎಲ್ಲವನ್ನೂ ಬರೆದೆ.

ಈ ಪಿನ್ನು ಎಷ್ಟು ಸಣ್ಣದೋ ಅದರ ಕೆಲಸ ಅಷ್ಟು ದೊಡ್ಡದು. ಕೀಲಿನ ಬೋಲ್ಟಿಗೆ ಒಂದು ಅಡ್ಡ ತೂತು, ಅದರ ಮೇಲೆ ಕೂರುವ ನಟ್ಟಿಗೆ ಕಿರೀಟದ ಹಾಗೆ ಕಚ್ಚುಗಳು. ಕಚ್ಚೂ ತೂತೂ ಎದುರುಬದುರಾದಾಗ ಪಿನ್ನು ತೂರಿಸಿ ಅದರ ಎರಡು ಕಾಲನ್ನು ಮಡಚಿಬಿಟ್ಟರೆ ಗಾಡಿ ಎಷ್ಟೇ ಕುಲುಕಿದರೂ ನಟ್ಟು ಬಿಚ್ಚಿಕೊಳ್ಳುವುದಿಲ್ಲ. ಪಿನ್ನು ಇಲ್ಲದೆ ನಟ್ಟು ಬಿಚ್ಚಿಕೊಂಡರೆ ಸ್ಟೇರಿಂಗ್ ಒಂದು ಕಡೆ, ಚಕ್ರ ಇನ್ನೊಂದು ಕಡೆ.

ಹಳೆಯ ನಟ್ಟುಗಳಿಗೆ ಮೂರು ದಿನ ತುಕ್ಕು ಬಿಡಿಸುವ ಎಣ್ಣೆ ಹಾಕಬೇಕೆಂದು ಹೇಳಿ, ಕಂಬಕ್ಕೆ ಒಂದು ಚಾರ್ಟು ಅಂಟಿಸಿದೆ. ಬೆಳಿಗ್ಗೆ ಏಳು, ಮಧ್ಯಾಹ್ನ ಒಂದು, ಸಂಜೆ ಏಳು. ಹಾಕಿದವರು ಗುರುತು ಹಾಕಬೇಕು. ಭಾವ ಅದೇ ಕೊಟ್ಟಿಗೆಯ ಮೂಲೆಯಲ್ಲಿ ಕಾಲು ಚಾಚಿ ಬಲೆಯ ಹರಕು ಹೊಲಿಯುತ್ತಿದ್ದರು. ಮಳೆಗಾಲದ ಎರಡು ತಿಂಗಳು ಅವರ ಕೆಲಸ ಅದೇ.

"ಊಟಕ್ಕೆ ಮೊದಲಾ, ಊಟ ಆದ್ಮೇಲಾ ಸಿಸ್ಟರ್?" ಎಂದರು ಚಾರ್ಟು ನೋಡಿ.

ನಾಲ್ಕನೆಯ ದಿನ ಕೆಲಸ ಹಿಡಿದೆವು. ಒಂದು ಹಲಗೆಯ ಮೇಲೆ ಹಸಿರು ಬಟ್ಟೆ ಹಾಸಿ, ಯಾವುದು ಮೊದಲು ಬೇಕೋ ಅದನ್ನು ಎಡಕ್ಕೆ, ಕೊನೆಗೆ ಬೇಕಾದದ್ದನ್ನು ಬಲಕ್ಕೆ ಜೋಡಿಸಿದೆ. ಪಿನ್ನುಗಳನ್ನು ಒಂದು ಸ್ಟೀಲ್ ಟ್ರೇಯಲ್ಲಿ ಇಟ್ಟೆ. ತಂಗಿಯನ್ನು ಪಕ್ಕಕ್ಕೆ ನಿಲ್ಲಿಸಿ ಇಬ್ಬರೂ ಗಟ್ಟಿಯಾಗಿ ಎಣಿಸಿದೆವು. ಒಬ್ಬರೇ ಎಣಿಸಿದರೆ ಅದು ಎಣಿಕೆಯಲ್ಲ, ಥಿಯೇಟರಿನ ಕಟ್ಟಳೆ.

"ಟೆಂಪೋಗೆ ಇಂಜೆಕ್ಷನ್ ಯಾವಾಗ ಕೊಡುದು?" ಭಾವನ ಮೂಲೆಯಿಂದ ಬಂತು.

"ನಿಮಗೆ ಕೊಟ್ಟು ಉಳಿದ್ರೆ ಅದಕ್ಕೆ ಕೊಡುವ," ಎಂದಳು ತಂಗಿ.

ಬಲಗಡೆಯ ಚಕ್ರ ಬಿಚ್ಚಿದೆವು. ಹಳೆಯ ಪಿನ್ನು ತುಕ್ಕು ಹಿಡಿದು ತುಂಡಾಗಿಯೇ ಬಂತು. ನಟ್ಟು ಬಂತು. ಆದರೆ ಕೀಲು ಮಾತ್ರ ಬರಲಿಲ್ಲ. ಅದು ಬೆಣೆಯ ಹಾಗೆ ಒಳಗೆ ಕಚ್ಚಿ ಕೂತಿರುತ್ತದೆ. ಮೇಲಿನಿಂದ ಬಡಿದರೆ ಬೋಲ್ಟು ಹಾಳು. ನನ್ನ ಗುರುಗಳು ಹೇಳಿಕೊಟ್ಟದ್ದು ಬೇರೆ ಉಪಾಯ. ಅದು ಕೂತಿರುವ ತೂತಿನ ಸುತ್ತಲಿನ ಕಬ್ಬಿಣಕ್ಕೆ ಎರಡು ಕಡೆಯಿಂದ ಎರಡು ಸುತ್ತಿಗೆಯಿಂದ ಒಂದೇ ಕ್ಷಣಕ್ಕೆ ಹೊಡೆಯಬೇಕು, ಆಗ ಅದು ಸಡಿಲವಾಗಿ ಕೀಲನ್ನು ಬಿಡುತ್ತದೆ. ನನ್ನ ಕೈಯಲ್ಲಿ ಆ ಬಲ ಈಗ ಇಲ್ಲ. ನಾನು ಒಂದು ಕಡೆ ಭಾರದ ಸುತ್ತಿಗೆಯನ್ನು ಒತ್ತಿ ಹಿಡಿದೆ. ಇನ್ನೊಂದು ಕಡೆಯಿಂದ ತಂಗಿ ಹೊಡೆದಳು. ದಿನಾ ಬೆಳಿಗ್ಗೆ ಐಸಿನ ಗಟ್ಟಿಗಳನ್ನು ಒಡೆಯುವ ಕೈ ಅದು. ಎಲ್ಲಿ ಹೊಡೆದರೆ ಎಲ್ಲಿ ಬಿರಿಯುತ್ತದೆಂದು ಅದಕ್ಕೆ ಹೇಳಿಕೊಡಬೇಕಾಗಿಲ್ಲ. ಎರಡೇ ಏಟು. ಮೂರನೆಯದಕ್ಕೆ ಕೈ ಎತ್ತಿದಾಗ ಕೀಲು ತಾನಾಗಿ ಕೆಳಗೆ ಬಿತ್ತು. ಮೂಲೆಯಲ್ಲಿ ಬಲೆಯ ಸೂಜಿ ನಿಂತಿತು.

"ನಿಮ್ಮ ಹೆಂಡತಿಯ ಹತ್ತಿರ ಜಗಳಕ್ಕೆ ಹೋಗ್ಬೇಡಿ ಭಾವ," ಎಂದೆ.

"ಹೋಗುದಿಲ್ಲ ಅಂತ ಈಗಷ್ಟೇ ಯೋಚನೆ ಮಾಡಿದೆ," ಎಂದರು.

ಸರಳಿನಿಂದ ಹಳೆಯ ಕೀಲನ್ನು ತಿರುಗಿಸಿ ತೆಗೆಯುವಾಗ ಸುತ್ತುಗಳನ್ನು ಎಣಿಸಿದೆ. ಹತ್ತೊಂಬತ್ತು. ಹೊಸದನ್ನೂ ಹತ್ತೊಂಬತ್ತೇ ಸುತ್ತು ಹಾಕಿದರೆ ಚಕ್ರದ ಮುಖ ಮೊದಲಿನ ಹಾಗೆಯೇ ನೇರ ಇರುತ್ತದೆ ಎಂಬ ಲೆಕ್ಕ. ಬರೆದುಕೊಂಡು ಹಾಗೆಯೇ ಹಾಕಿದೆ. ನಟ್ಟು ಬಿಗಿದು, ಕಚ್ಚು ತೂತಿಗೆ ಸರಿಯಾಗಿ ಬರುವ ತನಕ ಇನ್ನೊಂದಿಷ್ಟು ಬಿಗಿದು, ಪಿನ್ನು ತೂರಿಸಿ ಮಡಚಿದೆ. "ಕಚ್ಚು ಸರಿ ಬರ್ಲಿಕ್ಕೆ ಬಿಗಿಮಾಡಬೇಕು. ಯಾವತ್ತೂ ಸಡಿಲ ಮಾಡ್ಲಿಕ್ಕೆ ಇಲ್ಲ," ಎಂದು ತಂಗಿಗೆ ಎರಡು ಸಲ ಹೇಳಿದೆ. ಅಷ್ಟಕ್ಕೆ ಆ ದಿನದ ಕೆಲಸ ನಿಲ್ಲಿಸಿದೆ.

ಮರುದಿನ ಎಡಗಡೆ. ಅಲ್ಲಿ ತುಕ್ಕು ಹೆಚ್ಚು, ಹೊತ್ತು ಹೆಚ್ಚು ಹಿಡಿಯಿತು. ಸುತ್ತು ಇಪ್ಪತ್ತು. ಹೊಸ ಕೀಲು ಕೂರಿಸಿ ನಟ್ಟು ಬಿಗಿಯುವುದೊಂದೇ ಬಾಕಿ ಇರುವಾಗ ಗಂಟೆ ಒಂದಾಯಿತು. ನಾನು ಕೈ ತೊಳೆದು ಊಟಕ್ಕೆ ಎದ್ದೆ.

"ಇನ್ನು ಹತ್ತು ನಿಮಿಷದ್ದು ಅಲ್ವಾ ಅಕ್ಕ?"

"ಒಂದು ಗಂಟೆ ಅಂದ್ರೆ ಒಂದು ಗಂಟೆ."

"ಸರಿ ಮಾರಾಯ್ತಿ, ನೀನು ಹೋಗು. ನಾನು ಮುಗಿಸ್ತೇನೆ."

ಥಿಯೇಟರಿನಲ್ಲಿ ಒಬ್ಬ ಸಿಸ್ಟರ್ ಊಟಕ್ಕೆ ಹೋಗಿ ಇನ್ನೊಬ್ಬಳು ಬಂದರೆ, ಹೋಗುವವಳು ಎಣಿಸಿ ಒಪ್ಪಿಸಬೇಕು, ಬಂದವಳು ಎಣಿಸಿ ತೆಗೆದುಕೊಳ್ಳಬೇಕು. ಮೂವತ್ತನಾಲ್ಕು ವರ್ಷದಲ್ಲಿ ನಾನು ತಪ್ಪದೆ ಮಾಡಿದ್ದನ್ನು ಅವತ್ತು ಮಾಡಲಿಲ್ಲ. ಒಂದೂ ಮುಕ್ಕಾಲಿಗೆ ತಿರುಗಿ ಬಂದಾಗ ಎಡಗಡೆಯ ಚಕ್ರವೂ ಹಾಕಿಯಾಗಿತ್ತು. ತಂಗಿ ಕೈಯ ಗ್ರೀಸನ್ನು ತೆಂಗಿನ ನಾರಿನಲ್ಲಿ ಉಜ್ಜುತ್ತ ನಿಂತಿದ್ದಳು. ನಾನು ಚಕ್ರದ ನಟ್ಟುಗಳನ್ನು ಮಾತ್ರ ಪಾನಾ ಹಾಕಿ ನೋಡಿ ಭೇಷ್ ಎಂದೆ.

ಟೆಂಪೋವನ್ನು ಕೆಳಗಿಳಿಸಿ ಕೈಯಿಂದ ಒಂದಿಷ್ಟು ಹಿಂದೆ ಮುಂದೆ ತಳ್ಳಿದೆವು. ತಂಗಿ ಎದುರಿಗೆ ಹೋಗಿ ಕುಕ್ಕರುಗಾಲಿನಲ್ಲಿ ಕೂತು ನೋಡಿದಳು.

"ಅಕ್ಕ, ಚಕ್ರ ಎರಡೂ ಮುಖಕ್ಕೆ ಮುಖ ನೋಡ್ತಾ ಉಂಟು."

"ಆಗ್ಲಿಕ್ಕಿಲ್ಲ. ಸುತ್ತು ಸರಿ ಉಂಟು. ಹತ್ತೊಂಬತ್ತು, ಇಪ್ಪತ್ತು. ಬರೆದಿದ್ದೇನೆ."

"ನೀನು ಬರೆದದ್ದು ಟೆಂಪೋಗೆ ಓದ್ಲಿಕ್ಕೆ ಬರುದಿಲ್ಲ. ಇಲ್ಲಿ ಬಂದು ನೋಡು."

ಬಂದು ನೋಡಿದೆ. ಹೌದು. ಚಕ್ರಗಳು ಹೆಬ್ಬೆರಳು ಒಳಗೆ ಮಾಡಿ ನಿಂತ ಪಾದಗಳ ಹಾಗಿದ್ದವು. ಹಳೆಯ ಕೀಲು ಮತ್ತು ಹೊಸ ಕೀಲನ್ನು ಅಕ್ಕಪಕ್ಕ ಇಟ್ಟು ಉದ್ದ ಅಳೆಯಬೇಕಿತ್ತು. ಬಿಚ್ಚಿಟ್ಟ ಹಳೆಯದನ್ನು ಡಬ್ಬಿಯ ಮೇಲೆ ಬರೆದಿದ್ದ ಹೊಸ ಕೀಲಿನ ಅಳತೆಗೆ ಹೋಲಿಸಿದಾಗ ಗೊತ್ತಾಯಿತು, ಹೊಸದು ಒಂದಿಷ್ಟು ಉದ್ದ. ಸುತ್ತು ಎಣಿಸಿದ ಗರ್ವದಲ್ಲಿ ನಾನು ಉದ್ದವನ್ನೇ ನೋಡಿರಲಿಲ್ಲ. ಇದನ್ನು ನಾನು ಒಪ್ಪಿಕೊಂಡಾಗ ತಂಗಿ ಹಂಗಿಸಲಿಲ್ಲ. ಗಂಡನ ಬುಟ್ಟಿಯಿಂದ ಬಲೆಯ ನೈಲಾನ್ ನೂಲಿನ ಉಂಡೆ ತೆಗೆದುಕೊಂಡು ಬಂದಳು.

ಬಲೆಗೆ ಹಗ್ಗ ಕಟ್ಟುವಾಗ ನಮ್ಮ ಜನ ಎರಡು ಗೂಟದ ನಡುವೆ ನೂಲು ಎಳೆದು ಸಾಲು ನೇರ ಮಾಡಿಕೊಳ್ಳುತ್ತಾರೆ. ಅವಳು ಅದನ್ನೇ ಮಾಡಿದಳು. ಟೆಂಪೋದ ಎರಡು ಪಕ್ಕಕ್ಕೂ ಚಕ್ರದ ನಡುವಿನ ಎತ್ತರಕ್ಕೆ ನೂಲು ಎಳೆದು, ಎರಡೂ ನೂಲು ಹಿಂದೆಯೂ ಮುಂದೆಯೂ ಸಮದೂರದಲ್ಲಿರುವ ಹಾಗೆ ಗೂಟ ಸರಿಸಿದಳು. ಸ್ಟೇರಿಂಗನ್ನು ನೇರ ಇಟ್ಟು ಕಟ್ಟಿದೆವು. ಮುಂದಿನ ಚಕ್ರದ ರಿಮ್ಮಿನ ಎದುರಂಚಿನಿಂದ ನೂಲಿಗೆ ಎಷ್ಟು, ಹಿಂದಂಚಿನಿಂದ ಎಷ್ಟು? ಅವಳು ಬಲೆಯ ಕಣ್ಣು ಅಳೆಯುವ ಮರದ ಪಟ್ಟಿ ಹಿಡಿದಳು, ನಾನು ಸ್ಟೀಲಿನ ಸ್ಕೇಲು ಹಿಡಿದೆ. ಅವಳು ಹೇಳಿದ್ದೂ ನಾನು ಓದಿದ್ದೂ ಪ್ರತಿ ಸಲ ಒಂದೇ ಬಂತು. ಕೀಲನ್ನು ಸರಳಿಗೆ ಬಿಗಿಹಿಡಿಯುವ ಲಾಕ್ ನಟ್ ಸಡಿಲಿಸಿ ಸರಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹೋದೆವು. ಒಂದು ಸಲ ಎಡ, ಒಂದು ಸಲ ಬಲ, ಪ್ರತಿ ಸಲ ಗಾಡಿ ತಳ್ಳಿ ಪುನಃ ಅಳತೆ. ಸಂಜೆ ಐದರ ಹೊತ್ತಿಗೆ ಚಕ್ರಗಳು ಮುಂದೆ ನೋಡತೊಡಗಿದವು. ಲಾಕ್ ನಟ್ಟುಗಳನ್ನು ಪುನಃ ಬಿಗಿದೆವು. ಭಾವ ಎದ್ದು ಕುಂಟುತ್ತ ಬಂದು, ಒಂದು ಕಣ್ಣು ಮುಚ್ಚಿ ನೂಲಿನ ಉದ್ದಕ್ಕೆ ನೋಡಿ, ಹೋಗಿ ಗೇಟು ತೆರೆದರು. ಅವರ ಹೊಗಳಿಕೆ ಅಷ್ಟೇ.

ತಂಗಿ ಎಂಜಿನ್ ಶುರು ಮಾಡಿದಳು. ಕಡಲ ಬದಿಯ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬರುವ ಆಸೆ. ನಾನು ಹಸಿರು ಬಟ್ಟೆಯ ಮೇಲಿನ ಸಾಮಾನು ಎಣಿಸುತ್ತಿದ್ದೆ. ಪಾನಾಗಳು ಸರಿ. ಸುತ್ತಿಗೆ ಎರಡು, ಇಕ್ಕಳ ಒಂದು, ಸರಿ. ಟ್ರೇಯಲ್ಲಿ ಪಿನ್ನು ಎರಡು ಇರಬೇಕು. ಮೂರು ಇತ್ತು.

ಇನ್ನೊಮ್ಮೆ ಎಣಿಸಿದೆ. ಮೂರು ಪಿನ್ನು ಎಣಿಸಲು ಎಷ್ಟು ಹೊತ್ತು ಬೇಕು? ಪುಸ್ತಕ ನೋಡಿದೆ. ತಂದದ್ದು ನಾಲ್ಕು. ಹೋಗಿ ಟೆಂಪೋದ ಎದುರು ನಿಂತೆ.

"ಎಂಜಿನ್ ನಿಲ್ಸು."

"ಎಂತ ಆಯ್ತು?"

"ಒಂದು ಪಿನ್ನು ಹೆಚ್ಚಿಗೆ ಉಂಟು."

"ಹೆಚ್ಚಿಗೆ ಇದ್ರೆ ಒಳ್ಳೇದಲ್ವಾ ಸಿಸ್ಟರ್," ಎಂದರು ಗೇಟಿನಿಂದ ಭಾವ. "ಕಡಿಮೆ ಇದ್ರೆ ಹೊಟ್ಟೆಯೊಳಗೆ ಬಿಟ್ಟಿದ್ದೀರಿ ಅಂತ ಲೆಕ್ಕ."

"ಇಲ್ಲಿ ಅದು ಉಲ್ಟಾ ಭಾವ. ಒಳಗೆ ಇರಬೇಕಾದದ್ದು ಹೊರಗೆ ಉಂಟು."

ತಂಗಿ ಎಂಜಿನ್ ನಿಲ್ಲಿಸಿದಳು. ಆದರೆ ಇಳಿಯಲಿಲ್ಲ. ಸ್ಟೇರಿಂಗ್ ಹಿಡಿದುಕೊಂಡು ಎದುರು ನೋಡುತ್ತ ಕೂತಿದ್ದಳು. ಚಿಕ್ಕಂದಿನಲ್ಲಿ ಮಡಕೆ ಒಡೆದಾಗಲೂ ಹೀಗೆಯೇ ಕೂರುತ್ತಿದ್ದಳು.

"ಎಡಗಡೆಯದ್ದಾ?" ಎಂದೆ.

"ಪಿನ್ನು ಹೋಗ್ಲಿಲ್ಲ ಅಕ್ಕ. ಕಚ್ಚು ತೂತಿಗೆ ಸರಿ ಬರ್ಲಿಲ್ಲ. ಇನ್ನು ಬಿಗಿಮಾಡ್ಲಿಕ್ಕೆ ಆ ಸಣ್ಣ ಪಾನಾದಲ್ಲಿ ಕೈ ಸಾಲ್ಲಿಲ್ಲ. ಸಡಿಲ ಮಾಡ್ಲಿಕ್ಕೆ ನೀನು ಬಿಡುದಿಲ್ಲ."

"ಹಾಗೇ ಬಿಟ್ಟೆಯಾ?"

"ಬಿಡ್ಲಿಲ್ಲ. ನೂಲು ತೂರಿಸಿ ಕಟ್ಟಿದ್ದೇನೆ. ಬಲೆಯ ಗಂಟು. ಎರಡು ಸುತ್ತು. ಆ ಗಂಟು ಸಮುದ್ರದಲ್ಲೇ ಬಿಚ್ಚುದಿಲ್ಲ, ರಸ್ತೆಯಲ್ಲಿ ಬಿಚ್ತದಾ?"

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಮ್ಮ ಅಪ್ಪ, ಅಜ್ಜ ಆ ಗಂಟನ್ನು ನಂಬಿಯೇ ಕಡಲಿಗೆ ಹೋದದ್ದು. ನಾನು ಬೈಯಲಿಲ್ಲ. ಹಳೆಯ ನಟ್ಟನ್ನೂ ಒಂದು ಮೊಳ ನೂಲನ್ನೂ ಅವಳ ಕೈಗೆ ಕೊಟ್ಟು, "ಈ ಕಚ್ಚಿನ ಅಂಚಿಗೆ ಉಜ್ಜು," ಎಂದೆ. ಇಳಿದು ಬಂದು ಉಜ್ಜಿದಳು. ಹತ್ತು ಸಲ, ಇಪ್ಪತ್ತು ಸಲ. ಮೂವತ್ತು ಆಗುವ ಮೊದಲು ನೂಲು ತುಂಡಾಗಿ ಅವಳ ಬೆರಳಿನಿಂದ ಜೋತುಬಿತ್ತು. ಗಂಟು ಹಾಗೆಯೇ ಇತ್ತು.

"ಗಂಟು ಬಿಚ್ಚುದಿಲ್ಲ. ಸರಿ," ಎಂದೆ. "ನೂಲು ತುಂಡಾಗ್ತದೆ. ಕಾರ್ಕಳಕ್ಕೆ ಹೋಗಿ ಬರುವಷ್ಟರಲ್ಲಿ ಇದು ಎಷ್ಟು ಸಲ ಉಜ್ಜುತ್ತದೆ, ನೀನೇ ಹೇಳು."

ಅವಳು ನೂಲಿನ ತುಂಡನ್ನು ಬೆರಳಿನಿಂದ ಬಿಡಿಸಿದಳು. ಗೇಟಿನ ಹತ್ತಿರ ಭಾವನ ಮುಖ ನೋಡಿದಳು. ಆ ಮುಖದಲ್ಲಿ ಪುನಃ ಎಲ್ಲೂರು ಕಾಣುತ್ತಿತ್ತು.

"ಭಾವ, ತಪ್ಪು ಮೊದಲು ನನ್ನದು," ಎಂದೆ. "ಎಣಿಸಿ ಒಪ್ಪಿಸದೆ ಊಟಕ್ಕೆ ಹೋದವಳು ನಾನು. ಇವಳನ್ನು ಎಂತ ಹೇಳುದಿದ್ರೂ ನನಗೆ ಹೇಳಿ."

ಭಾವ ಗೇಟು ಮುಚ್ಚಿ ಬಂದರು. ತಂಗಿ ಆಗಲೇ ಜಾಕಿ ಎಳೆಯುತ್ತಿದ್ದಳು. ನನ್ನನ್ನು ಮುಟ್ಟಲು ಬಿಡಲಿಲ್ಲ. ಕೊರಡು ಕೊಟ್ಟಳು, ಎತ್ತಿದಳು, ಸ್ಟ್ಯಾಂಡು ಇಟ್ಟಳು, ಅಲ್ಲಾಡಿಸಿ ನೋಡಿದಳು, ಚಕ್ರ ಬಿಚ್ಚಿದಳು. ಯಾವುದನ್ನೂ ಬಿಟ್ಟುಹೋಗಲಿಲ್ಲ. ಗ್ರೀಸಿನಲ್ಲಿ ಕಪ್ಪಾದ ಆ ಗಂಟನ್ನು ಬ್ಲೇಡಿನಿಂದ ಕೊಯ್ದಳು. ನಾನು ಮನೆಯಿಂದ ಉದ್ದ ಹಿಡಿಯ ಪಾನಾ ತಂದುಕೊಟ್ಟೆ. ಅದನ್ನು ಹಾಕಿ ಮೈಭಾರ ಬಿಟ್ಟು ಎಳೆದಾಗ ನಟ್ಟು ಅಕ್ಕಿಕಾಳಿನಷ್ಟು ಸರಿಯಿತು. ತೂತು ಕಂಡಿತು. ಪಿನ್ನು ಹೋಯಿತು. ಕಾಲು ಮಡಚಿ, "ನೋಡು," ಎಂದಳು. ನೋಡಿದೆ. "ನೀವೂ ನೋಡಿ," ಎಂದು ಗಂಡನನ್ನೂ ಕರೆದಳು. ಮೊಣಕಾಲು ಬಗ್ಗದ ಮನುಷ್ಯ ನೆಲಕ್ಕೆ ಚಾಪೆ ಹಾಕಿಸಿ ಮಲಗಿ, ಟಾರ್ಚು ಹಿಡಿದು ನೋಡಿದರು. ಆಮೇಲೆ ಬಲಗಡೆಯದ್ದನ್ನೂ ನೋಡಬೇಕೆಂದರು. ಆ ಚಕ್ರವನ್ನೂ ಬಿಚ್ಚಿ ತೋರಿಸಿ, ಎರಡನ್ನೂ ಪುನಃ ಹಾಕಿದೆವು.

ಕೊನೆಗೆ ಟ್ರೇಯ ಹತ್ತಿರ ನಿಂತು ಮೂವರೂ ಎಣಿಸಿದೆವು. ಎರಡು. ಪುಸ್ತಕದಲ್ಲಿ ಬರೆದು ಸಹಿ ಹಾಕಿದೆ. ತಂಗಿಯೂ ಹಾಕಿದಳು.

ಅಷ್ಟಾದರೂ ನೂಲಿನ ಅಳತೆಯನ್ನು ನಂಬಿ ಆರ್‌ಟಿಒಗೆ ಹೋಗುವವಳು ನಾನಲ್ಲ. ಆ ವಾರವೇ ಮಣಿಪಾಲದ ಒಂದು ಅಲೈನ್‌ಮೆಂಟ್ ಅಂಗಡಿಗೆ ಹೋದೆವು. ಹೋಗುವ ಮೊದಲು ಟೆಂಪೋವನ್ನು ಸೋಪು ಹಾಕಿ ಎರಡು ಸಲ ತೊಳೆದಿದ್ದಳು. ಅಂಗಡಿಯ ಯಜಮಾನರು ಚಕ್ರಗಳಿಗೆ ಯಂತ್ರ ಸಿಕ್ಕಿಸಿ ಪರದೆ ನೋಡಿದರು. ಸರಳನ್ನು ಒಂದು ಕಡೆ ಕಾಲು ಸುತ್ತಿನಷ್ಟು ತಿರುಗಿಸಿ, ಪುನಃ ನೋಡಿ, ಯಂತ್ರ ತೆಗೆದರು.

"ಹೆಚ್ಚು ಕೆಲಸ ಇರ್ಲಿಲ್ಲ. ಹೊಸ ಎಂಡ್ ಹಾಕಿದವರು ಸರಿ ಸೆಟ್ ಮಾಡಿದ್ದಾರೆ. ಯಾವ ಗ್ಯಾರೇಜು?"

"ಕಾಪುದ್ದು," ಎಂದಳು ತಂಗಿ. "ಅಕ್ಕನದ್ದೂ ನಂದೂ ಪಾರ್ಟ್ನರ್‌ಶಿಪ್ಪು."

ಅವರು ನಮ್ಮಿಬ್ಬರ ಸೀರೆಯನ್ನೂ ಮುಖವನ್ನೂ ನೋಡಿ ನಕ್ಕರು. ತಂಗಿ ನಗದೆ ನಿಂತದ್ದನ್ನು ಕಂಡು ನಗು ನಿಲ್ಲಿಸಿ, ಬಗ್ಗಿ ಇನ್ನೊಮ್ಮೆ ಪಿನ್ನುಗಳನ್ನು ನೋಡಿದರು. "ಬಳಸಿದ್ದು ಹೊಸ ಪಿನ್ನೇ," ಎಂದರು. "ಕೆಲವರು ಹಳೆಯದನ್ನೇ ತಟ್ಟಿ ಹಾಕ್ತಾರೆ." ನಾವು ಪರಸ್ಪರ ಮುಖ ನೋಡಿಕೊಳ್ಳಲಿಲ್ಲ.

ಎಫ್‌ಸಿಯ ದಿನ ಇನ್‌ಸ್ಪೆಕ್ಟರು ಬ್ರೇಕು, ದೀಪ ಎಲ್ಲ ನೋಡಿ, ಕೊನೆಗೆ ಸ್ಟೇರಿಂಗನ್ನು ಎರಡು ಬೆರಳಲ್ಲಿ ಆಚೀಚೆ ಮಾಡಿ ನೋಡಿದರು. ಚಕ್ರ ಬೆರಳಿನ ಜೊತೆಗೇ ತಿರುಗಿತು. ಅವರು ಬರೆದುಕೊಂಡು ಮುಂದಿನ ಗಾಡಿಗೆ ಹೋದರು. ಮನೆಗೆ ಬಂದು ಕಾಗದ ಕೊಟ್ಟಾಗ ಭಾವ ಅದನ್ನು ಎರಡು ಸಲ ಓದಿದರು. ಆಮೇಲೆ ಫೋನು ತೆಗೆದುಕೊಂಡು ಜಗಲಿಗೆ ಹೋದರು. "ಇಲ್ಲ ಮಾರಾಯ್ರೆ, ಕೊಡುದಿಲ್ಲ. ಇವಳಿಗೆ ಬೇಕಂತೆ," ಎಂದು ಅವರು ಎಲ್ಲೂರಿನವರಿಗೆ ಹೇಳಿದ್ದು ಒಳಗೆ ನಮಗಿಬ್ಬರಿಗೂ ಕೇಳಿಸಿತು. ತಂಗಿ ಒಲೆಯ ಕಡೆ ತಿರುಗಿ ಮೀನಿನ ಸಾರಿಗೆ ಎರಡನೆಯ ಸಲ ಉಪ್ಪು ಹಾಕಿದಳು. ಅವತ್ತಿನ ಸಾರನ್ನು ಯಾರಿಗೂ ಬಾಯಿಗಿಡಲು ಆಗಲಿಲ್ಲ.

ಬೋಟುಗಳು ಹೋಗಿ ಮೊದಲ ಮೀನು ಬಂದ ದಿನ ನಾನೂ ಅವಳ ಜೊತೆ ಹೋದೆ. ದಕ್ಕೆಯಲ್ಲಿ ಬಂಗುಡೆಯೂ ಬೂತಾಯಿಯೂ ತುಂಬಿಸಿದಳು. ಐಸಿನ ನೀರು ಹೊರಹೋಗಲು ಟೆಂಪೋದ ಹಿಂಬದಿಗೆ ಒಂದು ಕೊಳವೆ ಹಾಕಿಸಿದ್ದಳು. ಇನ್ನು ಕೀಲುಗಳ ಮೇಲೆ ತೊಟ್ಟಿಕ್ಕುವುದಿಲ್ಲ. ಅದನ್ನು ನಾನು ಹೇಳಿರಲಿಲ್ಲ, ಅವಳೇ ಯೋಚಿಸಿದ್ದು. ಹೊರಡುವ ಮೊದಲು ಬಗ್ಗಿ ಬಲಗಡೆ ಒಮ್ಮೆ, ಎಡಗಡೆ ಒಮ್ಮೆ ಟಾರ್ಚು ಹಾಕಿ, "ಒಂದು, ಎರಡು," ಎಂದಳು. ದಕ್ಕೆಯ ಹೆಂಗಸರು, "ಎಂತದು ಅಡಿಯಲ್ಲಿ, ಬೆಕ್ಕು ಉಂಟಾ?" ಎಂದು ಕೇಳಿದರು.

ಮಣಿಪಾಲ ದಾಟಿ ಪರ್ಕಳದ ಇಳಿಜಾರಿಗೆ ಬಂದೆವು. ತುಂಬಿದ ಗಾಡಿ, ಒದ್ದೆ ರಸ್ತೆ. ಎದುರಿನಿಂದ ಬಸ್ಸೊಂದು ದೀಪ ಹಾಕಿಕೊಂಡು ಬಂತು. ಅವಳು ಸ್ಟೇರಿಂಗ್ ತಿರುಗಿಸಿದಳು. ಟೆಂಪೋ ಆಗಲೇ ತಿರುಗಿತ್ತು. ಬಸ್ಸು ಪಕ್ಕದಿಂದ ಹಾದುಹೋಯಿತು.

"ಅಕ್ಕ," ಎಂದಳು ರಸ್ತೆಯಿಂದ ಕಣ್ಣು ತೆಗೆಯದೆ.

"ಎಂತ?"

"ಆ ಹಿಡಿಕೆ ಬಿಡು. ಕಿತ್ತುಕೊಂಡು ಬರ್ತದೆ. ಕೀಲು ಹಾಕಿದ್ದು ನೀನೇ ಅಲ್ವಾ?"

ನೋಡಿಕೊಂಡೆ. ಬಾಗಿಲಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ. ಬಿಟ್ಟು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡೆ. ಅವಳು ಗೇರು ಬದಲಾಯಿಸಿ, ಹಿರಿಯಡ್ಕದ ಮೊದಲ ಮನೆ ಬರುವುದಕ್ಕೆ ಇನ್ನೂ ದೂರ ಇರುವಾಗಲೇ ಹಾರ್ನ್ ಹಾಕಲು ಶುರು ಮಾಡಿದಳು.